ಧಾರವಾಡ ಸೀಮೆಯ ಕಾಡು–ಬಯಲಿನ ಲೆಕ್ಕ ಬರೆದಿಟ್ಟ ಬೇಟೆಗಾರ ವಾಲ್ಟರ್ ಎಲಿಯಟ್

ಧಾರವಾಡ: ಮಲೆನಾಡಿನ ಸೆರಗು ಮುಗಿದು ಬೆಳವಲದ ಬಯಲು ತೆರೆದುಕೊಳ್ಳುವ ಗಡಿಯಲ್ಲಿ ಧಾರವಾಡ ನಗರವಿದೆ. ರೈಲು ನಿಲ್ದಾಣಕ್ಕೆ ಹೊಂದಿಕೊಂಡ ಮಾಳಮಡ್ಡಿಯ ಹೆಸರಿನಲ್ಲೇ ಈ ಗಡಿಯ ಗುರುತು ಉಳಿದಿದೆ. ಎರೆಭೂಮಿಗಿಂತ ಬೇರೆಯಾದ, ಗರಸು ತುಂಬಿದ ಎತ್ತರದ ನೆಲವನ್ನು ಈ ಭಾಗದ ಜನ ಮಡ್ಡಿ ಎಂದು ಕರೆಯುತ್ತಾರೆ. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಹಳಿಯಾಳ, ದಾಂಡೇಲಿ, ಕಾಳಿ ಕಣಿವೆಯ ದಟ್ಟ ಕಾಡು. ಪೂರ್ವಕ್ಕೆ ಹೊರಟರೆ ನವಲಗುಂದ, ಅಣ್ಣಿಗೇರಿಗಳ ಕಪ್ಪು ನೆಲ, ಜೋಳ–ಹತ್ತಿಯ ಹೊಲಗಳು.

ವಾರಾಂತ್ಯ ಬಂತೆಂದರೆ ಅವಳಿ ನಗರದ ಕುಟುಂಬಗಳು ದಾಂಡೇಲಿಯ ಸಫಾರಿಗೆ, ಕಾಳಿ ನದಿಯ ದಂಡೆಗೆ ಪ್ರವಾಸದ ಯೋಜನೆ ಹಾಕುವುದು ಈಗ ಸಾಮಾನ್ಯ ಸಂಗತಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಸೀಮೆಯ ಕಾಡು, ಬಯಲುಗಳಲ್ಲಿ ಕೋವಿ ಹಿಡಿದು ಅಲೆದ ತರುಣ ಅಧಿಕಾರಿಯೊಬ್ಬನಿದ್ದ. ಆತ ಹೊಡೆದ ಪ್ರಾಣಿಗಳ ಕೊಂಬು, ಚರ್ಮಗಳು ಈ ಊರಿನ ನೆನಪಿನಲ್ಲಿ ಉಳಿದಿಲ್ಲ. ಆದರೆ ಕಂಡದ್ದನ್ನು, ಕೇಳಿದ್ದನ್ನು ಆತ ಬರೆದಿಟ್ಟ ಟಿಪ್ಪಣಿಗಳು ಉಳಿದಿವೆ. ಧಾರವಾಡ ಸೀಮೆಯಲ್ಲಿ ಒಂದು ಕಾಲಕ್ಕೆ ಯಾವ ಪ್ರಾಣಿಗಳಿದ್ದವು, ಎಲ್ಲಿದ್ದವು, ಹೇಗೆ ಬದುಕುತ್ತಿದ್ದವು ಎಂಬುದಕ್ಕೆ ಅವು ಬಹು ಮುಖ್ಯವಾದ ಲಿಖಿತ ಸಾಕ್ಷಿ. ಆತನೇ ಸರ್ ವಾಲ್ಟರ್ ಎಲಿಯಟ್.

ಸ್ಕಾಟ್ಲೆಂಡಿನಿಂದ ಧಾರವಾಡಕ್ಕೆ

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಇಂಗ್ಲೆಂಡಿನ ಗಡಿಗೆ ಹತ್ತಿರವಿರುವ ವುಲ್ಫ್‌ಲೀ ಎಂಬ ಎಸ್ಟೇಟಿನ ಜಮೀನ್ದಾರಿ ಮನೆತನದ ಕುಡಿ. ಈಸ್ಟ್ ಇಂಡಿಯಾ ಕಂಪನಿಯ ನೌಕರರನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಕಲಿತು ಮದ್ರಾಸಿಗೆ ಬಂದಿಳಿದಾಗ ಆತ ಇನ್ನೂ ಹದಿಹರೆಯ ದಾಟದ ಹುಡುಗ. ಮದ್ರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ದೇಶಭಾಷೆಗಳ ಪರೀಕ್ಷೆ ಕಟ್ಟಿ, ತಮಿಳು ಮತ್ತು ಹಿಂದೂಸ್ತಾನಿಯಲ್ಲಿ ತೋರಿದ ಪ್ರಾವೀಣ್ಯಕ್ಕಾಗಿ ಒಂದು ಸಾವಿರ ವರಹದ ಬಹುಮಾನ ಪಡೆದ. ಭಾಷೆಯ ಮೇಲಿನ ಈ ಹಿಡಿತವೇ ಮುಂದೆ ಆತನ ಎಲ್ಲ ಕೆಲಸಗಳಿಗೂ ಬುನಾದಿಯಾಯಿತು.

1823ರಲ್ಲಿ ಸೇಲಂನಲ್ಲಿ ಕಲೆಕ್ಟರರ ಸಹಾಯಕನಾಗಿ ಸೇವೆ ಆರಂಭಿಸಿದ ಎಲಿಯಟ್ ಕೆಲ ಕಾಲದಲ್ಲೇ ದಕ್ಷಿಣ ಮರಾಠಾ ಪ್ರಾಂತಕ್ಕೆ ವರ್ಗವಾದ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಮೇಲೆ ಕಂಪನಿಯ ವಶಕ್ಕೆ ಬಂದಿದ್ದ ಈ ಪ್ರಾಂತಕ್ಕೆ ಹೆಸರು ಮರಾಠಾ ಎಂದಿದ್ದರೂ ಜನ ಬಹುಪಾಲು ಕನ್ನಡಿಗರು. ಆಗ ಅದು ಮದ್ರಾಸ್ ಸರಕಾರದ ಆಡಳಿತದಲ್ಲಿತ್ತು. ಧಾರವಾಡ ಅದರ ಮುಖ್ಯ ಠಾಣೆ. ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಮುಂದೆ ಪ್ರಸಿದ್ಧ ಕಾದಂಬರಿಕಾರನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಚಿಕ್ಕಪ್ಪ.

ಕಿತ್ತೂರಿನ ಕೋಟೆಯಲ್ಲಿ ಸೆರೆ

ಕಾಡು ಸುತ್ತುವ ಹವ್ಯಾಸಕ್ಕೆ ಸರಿಯಾಗಿ ಕಾಲಿಡುವ ಮುನ್ನವೇ ಎಲಿಯಟ್ ಕರ್ನಾಟಕದ ಇತಿಹಾಸದ ದೊಡ್ಡ ಘಟನೆಯೊಂದರ ನಡುವೆ ಸಿಲುಕಿಕೊಂಡ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಸಂಸ್ಥಾನದ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದ. ರಾಣಿ ಚೆನ್ನಮ್ಮ ಈ ಹಸ್ತಕ್ಷೇಪಕ್ಕೆ ತಲೆಬಾಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕದನದಲ್ಲಿ ಥ್ಯಾಕರೆ ಹತನಾದ. ಆತನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಕಿತ್ತೂರಿನವರ ಕೈಗೆ ಸೆರೆಸಿಕ್ಕರು.

ಆಗ ಎಲಿಯಟ್ಟನ ವಯಸ್ಸು 21. ಸುಮಾರು ನಲವತ್ತು ದಿನ ಆತ ಸೆರೆಯಲ್ಲಿದ್ದ. ಹೊರಗೆ ಕಂಪನಿಯ ಪಡೆಗಳು ಜಮಾಯಿಸುತ್ತಿದ್ದವು. ಒಳಗೆ ಸಂಧಾನದ ಮಾತು ನಡೆದಿತ್ತು. ಡಿಸೆಂಬರ್ ಆರಂಭದಲ್ಲಿ ಇಬ್ಬರೂ ಜೀವಂತವಾಗಿ ಬಿಡುಗಡೆಯಾದರು. ಅದಾದ ಕೆಲವೇ ದಿನಗಳಲ್ಲಿ ಕೋಟೆ ಕಂಪನಿಯ ವಶವಾಯಿತು. ಬೈಲಹೊಂಗಲದಲ್ಲಿ ಬಂಧನದಲ್ಲಿದ್ದ ರಾಣಿ ಚೆನ್ನಮ್ಮ 1829ರಲ್ಲಿ ಕೊನೆಯುಸಿರೆಳೆದರು. ಸೆರೆಯಾಳುಗಳ ಪ್ರಾಣ ಉಳಿಸಿದ ರಾಣಿ ಬಂಧನದಲ್ಲೇ ಅಳಿದರು. ಪ್ರಾಣ ಉಳಿಸಿಕೊಂಡ ಸೆರೆಯಾಳು ಅದೇ ಸೀಮೆಯ ಆಡಳಿತದಲ್ಲಿ ಮತ್ತೆ ಒಂಬತ್ತು ವರ್ಷ ಕಳೆದ. ಎಲಿಯಟ್ಟನ ಬದುಕನ್ನು ಓದುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಡೇರೆಯ ಕಚೇರಿ, ಬೇಟೆಯ ಪ್ರವಾಸ

1830ರಲ್ಲಿ ಈ ಪ್ರಾಂತ ಮುಂಬಯಿ ಆಧಿಪತ್ಯಕ್ಕೆ ಸೇರಿತು. ನಿಯಮದಂತೆ ಮದ್ರಾಸ್ ಸೇವೆಯ ಎಲಿಯಟ್ ಹಿಂದಿರುಗಬೇಕಿತ್ತು. ಆದರೆ ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಂ ವಿಶೇಷವಾಗಿ ಕೋರಿ ಆತನನ್ನು ಇಲ್ಲೇ ಉಳಿಸಿಕೊಂಡ. ಹೀಗೆ 1833ರ ಕೊನೆಯವರೆಗೆ ಎಲಿಯಟ್ ಈ ಸೀಮೆಯಲ್ಲಿದ್ದ.

ಆ ಕಾಲದ ಕಂದಾಯ ಅಧಿಕಾರಿಯ ಬದುಕು ಕಟ್ಟಡದೊಳಗಿನ ಕಚೇರಿಯದಲ್ಲ. ಮಳೆಗಾಲ ಮುಗಿದ ಮೇಲೆ ಹಳ್ಳಿಯಿಂದ ಹಳ್ಳಿಗೆ ಡೇರೆ ಹೊತ್ತು ತಿರುಗಿ, ಬೆಳೆ ನೋಡಿ, ತಕರಾರು ಕೇಳಿ, ಲೆಕ್ಕ ಬರೆದುಕೊಳ್ಳುವುದೇ ಕೆಲಸ. ಬೇಟೆಯ ಪ್ರವಾಸಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರಿರಲಿಲ್ಲ. ಡೇರೆ, ಎತ್ತಿನ ಬಂಡಿ, ಕುದುರೆ, ಆಳುಕಾಳು ಎಲ್ಲವೂ ಜೊತೆಗೇ ಇರುತ್ತಿದ್ದವು. ಕಂಪನಿಯ ಅಧಿಕಾರಿಗಳಲ್ಲಿ ಹಲವರಿಗೆ ಬೇಟೆ ಕೇವಲ ಕಾಲಹರಣ; ಹೊಡೆದ ತಲೆಗಳ ಎಣಿಕೆಯಲ್ಲೇ ಅದು ಮುಗಿಯುತ್ತಿತ್ತು. ಎಲಿಯಟ್ ಸಹ ಬೇಟೆಯ ಹುಚ್ಚಿದ್ದವನೇ. ಆದರೆ ಆತ ಹೊಡೆದ ಪ್ರಾಣಿಯನ್ನು ಅಳೆದ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿದ, ಊರವರು ಅದಕ್ಕೆ ಕರೆಯುವ ಹೆಸರನ್ನು ಕೇಳಿ ಬರೆದುಕೊಂಡ.

ಯಾವ ಕಾಲದಲ್ಲಿ ಯಾವ ಪ್ರಾಣಿ ಎಲ್ಲಿರುತ್ತದೆ ಎಂಬ ತಿಳಿವಳಿಕೆಯೇ ಬೇಟೆಯ ಯೋಜನೆಯ ಜೀವಾಳ. ಎಲಿಯಟ್ಟನ ಟಿಪ್ಪಣಿಗಳಲ್ಲಿ ಈ ತಿಳಿವಳಿಕೆ ಎದ್ದು ಕಾಣುತ್ತದೆ. ಹುಲಿಗಳು ಮರಿ ಹಾಕುವುದು ಕಾಡು–ಗುಡ್ಡಗಳಲ್ಲಿ; ಹೊಲದಲ್ಲಿ ಪೈರು ನಿಂತಿರುವಾಗ ಅವು ಬಯಲಿಗೆ ಇಳಿಯುತ್ತವೆ ಎಂದು ಆತ ದಾಖಲಿಸಿದ್ದಾನೆ. ಕೆಲವೆಡೆ ರಾತ್ರಿ ಪಡಸಾಲೆಯಲ್ಲಿ ಮಲಗಿದ್ದವರನ್ನೇ ಹುಲಿ ಹೊತ್ತೊಯ್ದದ್ದೂ ಉಂಟು. ಹಾಗಿದ್ದರೂ ಗಾಯಗೊಳ್ಳುವ ತನಕ ಅಥವಾ ಕೆಣಕುವ ತನಕ ಹುಲಿ ಎದುರು ನಿಲ್ಲದೆ ಹಿಂದೆ ಸರಿಯುತ್ತದೆ ಎಂಬುದು ಆತನ ಅನುಭವ. ದನಗಾಹಿ ಹುಡುಗನನ್ನು ಹಿಡಿದ ಹುಲಿಯ ಮೇಲೆ ಎಮ್ಮೆಗಳ ಹಿಂಡು ಏಕಕಾಲಕ್ಕೆ ನುಗ್ಗಿ ಅವನನ್ನು ಬಿಡಿಸಿದ ಪ್ರಕರಣದ ಬಗ್ಗೆ ಸರಕಾರಕ್ಕೆ ವರದಿಯೇ ಹೋಗಿತ್ತು. ಕಾಡುಹಂದಿಯ ಕೋರೆಯಿಂದ ಸೀಳಿ ಸತ್ತ ಪೂರ್ಣ ಬೆಳೆದ ಹುಲಿಯನ್ನು ಆತ ಸ್ವತಃ ಕಂಡಿದ್ದ.

ಹುಲಿ ತಾನು ಕೊಂದದ್ದನ್ನಷ್ಟೇ ತಿನ್ನುತ್ತದೆ ಎಂಬ ನಂಬಿಕೆ ಅಂದಿಗೂ ಇತ್ತು, ಇಂದಿಗೂ ಇದೆ. ರೋಗದಿಂದ ಸತ್ತ ಎತ್ತೊಂದನ್ನು ಎಲಿಯಟ್ ಸಂಜೆ ನೋಡಿದ. ರಾತ್ರಿ ಹುಲಿಗಳ ಸದ್ದು ಕೇಳಿದ್ದಾಗಿ ಮರುದಿನ ಸುದ್ದಿ ಬಂತು. ಹೆಜ್ಜೆಯ ಜಾಡು ಹಿಡಿದು ಹೋದಾಗ, ತಾಯಿ ಹುಲಿ ಮತ್ತು ಬೆಳೆದ ಎರಡು ಮರಿಗಳು ಆ ಎತ್ತನ್ನು ಹೊಲದ ನಡುವೆ ಎಳೆದೊಯ್ದು ಎಲುಬು ಬಿಟ್ಟು ಉಳಿದುದನ್ನೆಲ್ಲ ತಿಂದು ಮುಗಿಸಿದ್ದವು. ಹುಲಿ ಹೆಣವನ್ನೂ ತಿನ್ನಬಲ್ಲದೆಂದು ಇಂದಿನ ವನ್ಯಜೀವಿ ತಜ್ಞರೂ ಒಪ್ಪುತ್ತಾರೆ.

ಬಯಲಿನಲ್ಲಿ ಕಂಡ ಚಿಗರಿ ಮತ್ತು ತೋಳ

ಕಾಡಿನಷ್ಟೇ ಬಯಲೂ ಎಲಿಯಟ್ಟನನ್ನು ಸೆಳೆದಿತ್ತು. ಒಂದೇ ಗಂಡಿನೊಂದಿಗೆ ಐವತ್ತು–ಅರವತ್ತು ಹೆಣ್ಣುಗಳಿದ್ದ ಚಿಗರಿಯ ದೊಡ್ಡ ಹಿಂಡುಗಳನ್ನು, ಅಂಥ ಹಿಂಡುಗಳಿಂದ ಹೊರದೂಡಲ್ಪಟ್ಟ ಎಳೆಯ ಗಂಡುಗಳು ಮೂವತ್ತರವರೆಗೂ ಒಟ್ಟಾಗಿ ಅಲೆಯುವುದನ್ನು ಆತ ಬರೆದಿದ್ದಾನೆ. ಬೆದರಿದ ಹಿಂಡು ಪುಟಿಪುಟಿದು ನೆಗೆಯುತ್ತ ಸಾಗುವ ನೋಟ ಆತನಿಗೆ ಬಹು ಸುಂದರವಾಗಿ ಕಂಡಿತ್ತು. ಬೆನ್ನಟ್ಟಿದ ಚಿಗರಿಯೊಂದು ತೊಗರಿ ಹೊಲದಲ್ಲಿ ಹಠಾತ್ತನೆ ಮಾಯವಾಯಿತು. ಬಹಳ ಹೊತ್ತು ಹುಡುಕಿದ ಮೇಲೆ ಅದು ತಲೆಯನ್ನು ನೆಲಕ್ಕೆ ಒತ್ತಿ ಬೆಳೆಯ ನಡುವೆ ಮಲಗಿದ್ದುದು ಕಂಡಿತು. ಇನ್ನೊಮ್ಮೆ ಗಂಡು, ಹೆಣ್ಣು ಹಾಗೂ ಎಳೆಯ ಮರಿಯೊಂದು ಎದುರಾದವು. ಮರಿ ತಮ್ಮ ಹಿಂದೆ ಓಡಿಬರುವುದನ್ನು ಕಂಡ ಗಂಡು ತಿರುಗಿ ಬಂದು, ಹತ್ತಿ ಹೊಲದಲ್ಲಿ ಅದು ಸುಮ್ಮನೆ ಮಲಗುವ ತನಕ ಮತ್ತೆ ಮತ್ತೆ ಕೆಡವಿತು. ಬಳಿಕ ಬೇಟೆಗಾರನ ಗಮನವನ್ನು ತಮ್ಮತ್ತ ಸೆಳೆಯುತ್ತ ಎರಡೂ ಓಡಿದವು. ಗುಂಡು ಹಾರಿಸುವ ಆತುರವಷ್ಟೇ ಇದ್ದವನ ಕಣ್ಣಿಗೆ ಬೀಳುವ ಸಂಗತಿಯಲ್ಲ ಇದು.

ತೋಳಗಳ ವಿಚಾರದಲ್ಲಿ ಆತನ ಬರಹ ಇನ್ನೂ ವಿವರವಾಗಿದೆ. ಒಮ್ಮೆ ಮೂರು ತೋಳಗಳು ಚಿಂಕಾರಗಳ ಹಿಂಡನ್ನು ಹಳ್ಳವೊಂದರತ್ತ ಅಟ್ಟಿದವು. ಆ ಹಳ್ಳದಲ್ಲಿ ಮೊದಲೇ ಇನ್ನೆರಡು ತೋಳಗಳು ಹೊಂಚು ಹಾಕಿ ಕುಳಿತಿದ್ದವು. ಕುರಿಹಿಂಡಿನ ಮೇಲೆ ಬಿದ್ದಾಗ ಕೆಲವು ತೋಳಗಳು ನಾಯಿಗಳನ್ನು ತಡೆದು ನಿಲ್ಲಿಸಿದರೆ ಉಳಿದವು ಕುರಿಯನ್ನು ಎಳೆದೊಯ್ಯುತ್ತವೆ ಎಂದು ಕುರುಬರು ಆತನಿಗೆ ತಿಳಿಸಿದ್ದರು. ಹಿಂಡು ಬಿಟ್ಟು ಒಬ್ಬಂಟಿಯಾಗಿ ಬೇಟೆಯಾಡುವ ದೊಡ್ಡ ತೋಳವನ್ನು ಕನ್ನಡಿಗರು ಒಂಟಿ ತೋಳವೆಂದು ಕರೆಯುತ್ತಾರೆ, ಅದನ್ನು ಹೆಚ್ಚು ಕ್ರೂರವೆಂದು ಭಾವಿಸುತ್ತಾರೆ ಎಂಬುದನ್ನೂ ಆತ ಬರೆದುಕೊಂಡ. 1824ರಲ್ಲಿ, ಅಂದರೆ ಕಿತ್ತೂರಿನ ಕದನ ನಡೆದ ವರ್ಷವೇ, ಒಂದೇ ಪರಗಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ತೋಳಗಳಿಗೆ ಆಹುತಿಯಾಗಿದ್ದರು. ವನ್ಯಜೀವಿ ಸಮೃದ್ಧವಾಗಿದ್ದ ಕಾಲವೆಂದರೆ ಹಳ್ಳಿಗರ ಪಾಲಿಗೆ ಸುಖದ ಕಾಲವೇ ಆಗಿರಲಿಲ್ಲ ಎಂಬುದನ್ನು ಈ ಒಂದು ಅಂಕಿ ತೋರಿಸುತ್ತದೆ.

ಕರಡಿ ಗೆದ್ದಲು, ಇರುವೆ, ಕಕ್ಕೆಕಾಯಿಯ ಬೀಜ, ಜೇನು ತಿನ್ನುವುದನ್ನು, ಅಪಾಯ ಬಂದಾಗ ಮರಿಗಳನ್ನು ಬೆನ್ನ ಮೇಲೆ ಹೊತ್ತು ಓಡುವುದನ್ನು ಎಲಿಯಟ್ ಗುರುತಿಸಿದ್ದ. 1833ರಲ್ಲಿ ತಾಯಿ ಕರಡಿಯೊಂದು ಹೀಗೆ ಮರಿಗಳನ್ನು ಹೊತ್ತು ಸುಮಾರು ಮೂರು ಮೈಲಿ ಓಡಿ ಕೊನೆಗೆ ಬೇಟೆಗೆ ಬಲಿಯಾಯಿತು. ಕಾಡುಕೋಣದ ಭುಜದೆತ್ತರ ಆರು ಅಡಿಗೂ ಮಿಕ್ಕಿದ್ದನ್ನು ಆತ ಅಳೆದು ಬರೆದ. ಚಿರತೆಗೆ ಕನ್ನಡದಲ್ಲಿ ಎರಡು ಬೇರೆ ಹೆಸರುಗಳಿದ್ದುದನ್ನು ಕೇಳಿ ಅವೆರಡೂ ಬೇರೆ ಬೇರೆ ಪ್ರಾಣಿಗಳಿರಬಹುದೇ ಎಂದು ಪರಿಶೀಲಿಸಿದ. ಅವೆರಡೂ ಒಂದೇ ಎಂಬುದು ಇಂದಿನ ವಿಜ್ಞಾನದ ನಿಲುವು.

1826ರ ಇಲಿ ಹಾವಳಿ

ದೊಡ್ಡ ಪ್ರಾಣಿಗಳ ಬೆನ್ನು ಹತ್ತಿದ್ದ ಬೇಟೆಗಾರ ಇಲಿಗಳ ಅಧ್ಯಯನಕ್ಕೂ ಅಷ್ಟೇ ಶ್ರದ್ಧೆ ತೋರಿದ್ದು ವಿಶೇಷ. ಅದಕ್ಕೆ ಕಾರಣವೂ ಇತ್ತು.

ಎರೆಭೂಮಿಯ ಹೊಲಗಳಲ್ಲಿ ವಾಸಿಸುವ ಮೃದು ತುಪ್ಪಳದ ಇಲಿಯೊಂದಿದೆ. ಅದು ಆಳವಾದ ಬಿಲ ತೋಡುವುದಿಲ್ಲ. ಬೇಸಿಗೆಯಲ್ಲಿ ಬಾಯ್ದೆರೆಯುವ ಕಪ್ಪು ಮಣ್ಣಿನ ಬಿರುಕುಗಳೇ ಅದಕ್ಕೆ ಮನೆ. ಪ್ರತಿ ವರ್ಷ ಮುಂಗಾರು ಬಿದ್ದೊಡನೆ ಮಣ್ಣು ಅರಳಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಗ ಅಸಂಖ್ಯಾತ ಇಲಿಗಳು ಒಳಗೇ ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಮಿತಿಮೀರಿ ಬೆಳೆದ ಇಲಿಗಳ ದಂಡು ಬಿತ್ತಿದ ಕಾಳನ್ನು ಬಿತ್ತಿದಂತೆಯೇ ತಿಂದಿತು. ಉಳಿದು ಬೆಳೆದ ಜೋಳದ ದಂಟನ್ನು ಏರಿ ತೆನೆಯನ್ನು ಕತ್ತರಿಸಿ ಹಾಕಿತು. ಇಡೀ ಹೊಲಗಳೇ ನಾಶವಾಗಿ ರೈತರು ಕಂದಾಯ ಕಟ್ಟಲಾಗದ ಸ್ಥಿತಿಯನ್ನು ಎಲಿಯಟ್ ಕಣ್ಣಾರೆ ಕಂಡ.

ಇಲಿ ಹಿಡಿಯುವುದರಲ್ಲಿ ನಿಪುಣರಾಗಿದ್ದ ವಡ್ಡರನ್ನು ರೈತರು ಕರೆಸಿದರು. ಇಂತಿಷ್ಟು ಡಜನ್ ಇಲಿಗೆ ಒಂದು ಅಳತೆ ಕಾಳು ಎಂಬಂತೆ ಕೂಲಿ ಗೊತ್ತಾಯಿತು. ಅವರು ಸಾವಿರಾರು ಇಲಿಗಳನ್ನು ಕೊಂದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಮಳೆ, ಮಣ್ಣು, ಇಲಿ, ಬೆಳೆ ಮತ್ತು ಕಂದಾಯ ಒಂದಕ್ಕೊಂದು ಹೇಗೆ ಬೆಸೆದುಕೊಂಡಿವೆ ಎಂಬುದನ್ನು ಎಲಿಯಟ್ ಇಲ್ಲಿ ಬಿಡಿಸಿ ತೋರಿಸಿದ್ದಾನೆ. ಪರಿಸರ ವಿಜ್ಞಾನ ಎಂಬ ಹೆಸರು ಬಳಕೆಗೆ ಬರುವ ಎಷ್ಟೋ ವರ್ಷಗಳ ಮೊದಲಿನ ಮಾತಿದು.

ಗರಸು ನೆಲದ ಮತ್ತೊಂದು ಪುಟ್ಟ ಇಲಿಯ ಬಗ್ಗೆಯೂ ಆತ ಬರೆದಿದ್ದಾನೆ. ಕೆಂಪು ಗರಸಿನ ದಿಬ್ಬಗಳಲ್ಲಿ ಬಿಲ ಮಾಡುವ ಈ ಇಲಿ ಒಳಗೆ ಸೇರಿಕೊಂಡೊಡನೆ ಸಣ್ಣ ಹರಳುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿನ ಕೋಣೆಯಲ್ಲಿ ಹರಳುಗಳ ಹಾಸಿನ ಮೇಲೆಯೇ ಕೂರುತ್ತದೆ. ಬಿಲದ ಹೊರಗೆ ಹರಳಿನ ರಾಶಿ ಕಂಡರೆ ಒಳಗೆ ಯಾರಿದ್ದಾರೆಂದು ತಿಳಿಯಿತು. ಮಾಳಮಡ್ಡಿಯಂಥ ಮಡ್ಡಿ ನೆಲ ಹಾಗೂ ಪೂರ್ವದ ಎರೆನೆಲಗಳ ನಡುವಿನ ವ್ಯತ್ಯಾಸ ಅಲ್ಲಿ ಬಾಳುವ ಇಲಿಗಳಲ್ಲೂ ಇದೆ ಎಂಬುದನ್ನು ಆತ ಹೀಗೆ ಕಂಡುಕೊಂಡ.

ಕನ್ನಡ ಸೀಮೆಯ ಮಾತು ವಿಜ್ಞಾನದ ಹೆಸರಾಯಿತು

ಈ ವಿವರಗಳನ್ನೆಲ್ಲ ಒಟ್ಟುಗೂಡಿಸಿ ಎಲಿಯಟ್ ಸಿದ್ಧಪಡಿಸಿದ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿ 1839ರಲ್ಲಿ ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಗರಿ, ಕಿರುಬ, ಕಾಡುಕೋಣ ಮೊದಲಾದ ಕನ್ನಡ ಹೆಸರುಗಳು ಲ್ಯಾಟಿನ್ ಹೆಸರುಗಳ ಪಕ್ಕದಲ್ಲೇ ಸ್ಥಾನ ಪಡೆದವು. ಮುಂದೆ ಟಿ.ಸಿ. ಜೆರ್ಡನ್ 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ ಎಲಿಯಟ್ಟನ ಟಿಪ್ಪಣಿಗಳನ್ನು ಧಾರಾಳವಾಗಿ ಬಳಸಿಕೊಂಡಿತು. ತೋಳ, ಚಿಗರಿ, ಕರಡಿಗಳ ಬಗ್ಗೆ ಆ ಗ್ರಂಥ ನೀಡುವ ಚಿತ್ರಣದ ಬಹುಭಾಗ ಧಾರವಾಡ ಸೀಮೆಯದೇ.

ಪೊದೆಗಳಲ್ಲಿ ವಾಸಿಸುವ ಇಲಿಯೊಂದರ ಕುಲಕ್ಕೆ ಇಂದಿಗೂ ಗೋಲುಂಡ ಎಂಬ ವೈಜ್ಞಾನಿಕ ಹೆಸರಿದೆ. ಅದು ಕನ್ನಡಿಗರ ಬಾಯಲ್ಲಿದ್ದ ಹೆಸರಿನ ರೂಪಾಂತರ. ಎರೆನೆಲದ ಮೃದು ತುಪ್ಪಳದ ಇಲಿಯ ವೈಜ್ಞಾನಿಕ ಹೆಸರಿನ ಎರಡನೆಯ ಭಾಗವಾದ ಮೆಲ್ಟಡ ಎಂಬುದು ವಡ್ಡರು ಅದಕ್ಕೆ ಹೇಳುತ್ತಿದ್ದ ಮೆಟ್ಟಡೆ ಎಂಬ ಮಾತಿನಿಂದ ಬಂದದ್ದು. ಗೋಲುಂಡ ಇಲಿಗೆ ಎಲಿಯಟಿ ಎಂದು ಎಲಿಯಟ್ಟನ ಹೆಸರೂ ಸೇರಿಕೊಂಡಿದೆ. ಅಳಿಲನ್ನು ಹೋಲುವ, ಆದರೆ ಅಳಿಲಲ್ಲದ ದಕ್ಷಿಣ ಭಾರತದ ಟ್ರೀ ಶ್ರೂ ಪ್ರಾಣಿಯ ಹೆಸರಿನಲ್ಲೂ ಆತನ ನೆನಪಿದೆ.

ಇಲ್ಲೊಂದು ಕೊರತೆಯೂ ಕಣ್ಣಿಗೆ ಬೀಳುತ್ತದೆ. ಬಿಲ ಅಗೆದು ತೋರಿಸಿದ ವಡ್ಡರು, ತೋಳದ ತಂತ್ರ ವಿವರಿಸಿದ ಕುರುಬರು, ಹುಲಿಯ ಸದ್ದಿನ ಸುದ್ದಿ ತಂದ ರೈತರು ಆತನ ಬರಹದಲ್ಲಿ ಸಮುದಾಯಗಳಾಗಿ ಬರುತ್ತಾರೆಯೇ ಹೊರತು ಹೆಸರಿರುವ ವ್ಯಕ್ತಿಗಳಾಗಿ ಅಲ್ಲ. ಅವರ ಜ್ಞಾನ ಗ್ರಂಥಗಳನ್ನು ಸೇರಿತು, ಅವರ ಪದಗಳು ವಿಜ್ಞಾನವನ್ನು ಸೇರಿದವು. ಅವರ ಹೆಸರುಗಳು ಮಾತ್ರ ಯಾವ ಪಟ್ಟಿಗೂ ಸೇರಲಿಲ್ಲ.

ಶಾಸನ, ಶಿಲ್ಪ, ಪಾರಿವಾಳ

ಕ್ಯಾಂಪಿನ ತಿರುಗಾಟದಲ್ಲಿ ಎಲಿಯಟ್ ಹುಡುಕಿದ್ದು ಪ್ರಾಣಿಗಳನ್ನಷ್ಟೇ ಅಲ್ಲ. ದೇವಸ್ಥಾನಗಳ ಅಂಗಳದಲ್ಲಿ, ಹೊಲದ ಬದುಗಳಲ್ಲಿ ನಿಂತಿದ್ದ ಶಿಲಾಶಾಸನಗಳ ನೂರಾರು ಪ್ರತಿಗಳನ್ನು ಆತ ಬರೆಯಿಸಿಕೊಂಡ. ಅವುಗಳ ಆಧಾರದ ಮೇಲೆ ಬರೆದ ಪ್ರಬಂಧ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಯಾದವರ ವಂಶಾವಳಿಗೆ ಖಚಿತ ಚೌಕಟ್ಟು ಕೊಡುವ ಕೆಲಸ ಅಲ್ಲಿಂದ ಮೊದಲಾಯಿತು. ಮುಂದೆ ಜೆ.ಎಫ್. ಫ್ಲೀಟ್ ಕನ್ನಡ ನಾಡಿನ ಶಾಸನಗಳ ಮೇಲೆ ದೊಡ್ಡ ಕೆಲಸ ಮಾಡಿದಾಗ ಎಲಿಯಟ್ಟನ ಸಂಗ್ರಹ ನೆರವಿಗೆ ಬಂತು.

1833ರ ಕೊನೆಯಲ್ಲಿ ಕೆಂಪು ಸಮುದ್ರದ ಹಾದಿಯಾಗಿ ಸ್ವದೇಶಕ್ಕೆ ಹೊರಟ ಎಲಿಯಟ್ ಈಜಿಪ್ಟಿನ ಮರುಭೂಮಿ ದಾಟಿ, ಜೆರುಸಲೇಂ, ಕಾನ್‌ಸ್ಟಾಂಟಿನೋಪಲ್, ಅಥೆನ್ಸ್, ರೋಮ್ ನೋಡಿಕೊಂಡು 1835ರ ಮೇ ತಿಂಗಳಲ್ಲಿ ಇಂಗ್ಲೆಂಡ್ ತಲುಪಿದ. ಮರುವರ್ಷ ಮದ್ರಾಸ್ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ನನ ಖಾಸಗಿ ಕಾರ್ಯದರ್ಶಿಯಾಗಿ ಮರಳಿ ಭಾರತದ ಹಾದಿ ಹಿಡಿದ. 1839ರಲ್ಲಿ ಮಾಲ್ಟಾದಲ್ಲಿ ಮರಿಯಾ ಡೊರೊಥಿಯಾ ಬ್ಲೇರ್ ಅವರನ್ನು ವಿವಾಹವಾದ. 1845ರಲ್ಲಿ ಗುಂಟೂರಿನ ಸ್ಥಿತಿಗತಿ 
ಪರಿಶೀಲನೆಗೆ ನಿಯೋಜಿತನಾದಾಗ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿದ. ಅಲ್ಲಿ ದೊರೆತ ಶಿಲ್ಪಗಳು ಮದ್ರಾಸಿಗೆ ಸಾಗಿ, ಬಳಿಕ ಅನೇಕವು ಲಂಡನ್ ಸೇರಿದವು. ಎಲಿಯಟ್ ಮಾರ್ಬಲ್ಸ್ ಎಂದು ಹೆಸರಾದ ಆ ಶಿಲ್ಪಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ವಸಾಹತು ಕಾಲದ ವಿದ್ವತ್ತು ಮತ್ತು ವಸಾಹತು ಕಾಲದ ಸಾಗಾಟ ಒಂದೇ ಕೈಯಿಂದ ನಡೆದದ್ದಕ್ಕೆ ಇದೊಂದು ಉದಾಹರಣೆ.

1854ರಲ್ಲಿ ಮದ್ರಾಸ್ ಗವರ್ನರರ ಕೌನ್ಸಿಲ್ ಸದಸ್ಯನಾದ. 1858ರಲ್ಲಿ ಭಾರತದ ಆಡಳಿತ ಕಂಪನಿಯಿಂದ ಬ್ರಿಟಿಷ್ ರಾಣಿಗೆ ಹಸ್ತಾಂತರವಾದಾಗ ಗವರ್ನರ್ ಲಾರ್ಡ್ ಹ್ಯಾರಿಸ್ ಅಸ್ವಸ್ಥನಾಗಿದ್ದುದರಿಂದ ಮದ್ರಾಸಿನಲ್ಲಿ ಘೋಷಣೆಯನ್ನು ಓದುವ ಹೊಣೆ ಎಲಿಯಟ್ಟನ ಪಾಲಿಗೆ ಬಂತು. ಇದೇ ಅವಧಿಯಲ್ಲಿ ಚಾರ್ಲ್ಸ್ ಡಾರ್ವಿನ್ 1856ರಲ್ಲಿ ಸಾಕು ಪಾರಿವಾಳ, ಕೋಳಿಗಳ ಮಾದರಿಗಳಿಗಾಗಿ ಆತನ ಸಹಾಯ ಬೇಡಿದ. ಎಲಿಯಟ್ ಕಳಿಸಿದ ಚರ್ಮಗಳ ಉಪಯೋಗವನ್ನು 1868ರಲ್ಲಿ ಹೊರಬಂದ, ಸಾಕುಪ್ರಾಣಿ–ಸಸ್ಯಗಳಲ್ಲಿನ ವ್ಯತ್ಯಾಸ ಕುರಿತ ಗ್ರಂಥದಲ್ಲಿ ಡಾರ್ವಿನ್ ಸ್ಮರಿಸಿದ್ದಾನೆ.

ಕಣ್ಣು ಮಂಜಾದರೂ ನಿಲ್ಲದ ಕೆಲಸ

1860ರಲ್ಲಿ ನಿವೃತ್ತನಾದ ಎಲಿಯಟ್ ವುಲ್ಫ್‌ಲೀಗೆ ಮರಳಿದ. 1866ರಲ್ಲಿ ಸರ್ ಪದವಿ, 1878ರಲ್ಲಿ ರಾಯಲ್ ಸೊಸೈಟಿಯ ಫೆಲೋಶಿಪ್, 1882ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಗೌರವ ಪದವಿ ಸಂದವು. ಇಳಿವಯಸ್ಸಿನಲ್ಲಿ ದೃಷ್ಟಿ ಬಹುತೇಕ ಹೋಯಿತು. ಕಾಡಿನಲ್ಲಿ ಹೆಜ್ಜೆಯ ಜಾಡು ಹಿಡಿಯುತ್ತಿದ್ದ ಕಣ್ಣು ಪುಸ್ತಕದ ಅಕ್ಷರವನ್ನೂ ಕಾಣದಾಯಿತು. ಆದರೂ ಇತರರ ನೆರವಿನಿಂದ ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಗ್ರಂಥವನ್ನು ಪೂರ್ಣಗೊಳಿಸಿದ. 1887ರ ಮಾರ್ಚ್ 1ರ ಬೆಳಿಗ್ಗೆ ತಮಿಳು ವಿದ್ವಾಂಸ ಜಿ.ಯು. ಪೋಪ್ ಅವರಿಗೆ ತಿರುಕ್ಕುರಳ್ ಆವೃತ್ತಿಯ ಕುರಿತು ಪತ್ರವೊಂದನ್ನು ಹೇಳಿ ಬರೆಯಿಸಿ ಸಹಿ ಹಾಕಿದ. ಅಂದೇ ಸಂಜೆ ಪ್ರಾಣ ಬಿಟ್ಟ. ಆಗ ಆತನಿಗೆ 84 ವರ್ಷ.

ಅಂದಿನ ಪಟ್ಟಿ, ಇಂದಿನ ಪ್ರವಾಸ

ಎಲಿಯಟ್ ತಿರುಗಿದ ಸೀಮೆ ಇಂದು ಬಹಳ ಬದಲಾಗಿದೆ. ಧಾರವಾಡಕ್ಕೆ ಐವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ದಾಂಡೇಲಿಯ ಕಾಡು 1956ರಲ್ಲಿ ವನ್ಯಜೀವಿಧಾಮವಾಯಿತು. 2007ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಸಂರಕ್ಷಿತ ಕಾಡಿನೊಳಗಿನ ಹೊಳೆಗಳಲ್ಲಿ ಮನಬಂದಂತೆ ಗಾಳ ಹಾಕುವಂತೆಯೂ ಇಲ್ಲ. ಕಾಡಿನ ಪ್ರಾಣಿಗಳಿಗೆ ಹೀಗೆ ಒಂದಿಷ್ಟು ಆಸರೆ ದೊರೆಯಿತು.

ಬಯಲಿನ ಪ್ರಾಣಿಗಳಿಗೆ ದೊರೆತ ಆಸರೆ ಕಡಿಮೆ. ಚಿಗರಿಗಾಗಿ ರಾಣೇಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಚಿಂಕಾರಕ್ಕಾಗಿ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ವನ್ಯಜೀವಿಧಾಮ ರೂಪುಗೊಳ್ಳಲು 2016ರವರೆಗೆ ಕಾಯಬೇಕಾಯಿತು. ಗದಗಿನ ಕಪ್ಪತಗುಡ್ಡ ವನ್ಯಜೀವಿಧಾಮವಾದದ್ದು 2019ರಲ್ಲಿ. ಕಾಡು ಎಂದರೆ ದಟ್ಟ ಮರಗಳೇ ಆಗಬೇಕೆಂಬ ಕಲ್ಪನೆಯಲ್ಲಿ ಹುಲ್ಲುಗಾವಲು, ಮಡ್ಡಿ, ಗೋಮಾಳಗಳು ಬರಡು ಭೂಮಿಯ ಲೆಕ್ಕಕ್ಕೆ ಸೇರಿದವು. ಬಡಾವಣೆಗಳೂ ಕಾರ್ಖಾನೆಗಳೂ ಅಲ್ಲೇ ಎದ್ದವು. ತೋಳ, ನರಿ, ಚಿಗರಿಗಳ ನೆಲೆ ಅದೇ ಆಗಿತ್ತೆಂಬುದಕ್ಕೆ ಎಲಿಯಟ್ಟನ ಪಟ್ಟಿ ಪುರಾವೆ. ಪುರಾವೆ ಇಲ್ಲದಿದ್ದರೆ, ಇಲ್ಲಿ ಏನನ್ನು ಕಳೆದುಕೊಂಡೆವು ಎಂಬ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ಬೇಟೆಗಾರನಾಗಿ ಎಲಿಯಟ್ ತನ್ನ ಕಾಲದವನೇ. ಆತ ಕೊಂದ ಪ್ರಾಣಿಗಳಿಗೆ ಆತನ ಬರಹ ಸಮಜಾಯಿಷಿಯಾಗಲಾರದು. ಆದರೆ ಕಂಡದ್ದನ್ನು ತಾರೀಖು, ಸ್ಥಳ, ಊರವರ ಹೆಸರಿನೊಂದಿಗೆ ಬರೆದಿಡುವ ಆತನ ಶಿಸ್ತು ಮಾತ್ರ ಇಂದಿಗೂ ಅನುಕರಣೀಯ. ದಾಂಡೇಲಿಗೋ ಕಪ್ಪತಗುಡ್ಡಕ್ಕೋ ಹೊರಡುವ ಪ್ರವಾಸಿಗರ ಚೀಲದಲ್ಲಿ ದುರ್ಬೀನು, ಕ್ಯಾಮೆರಾಗಳ ಜೊತೆ ಒಂದು ಟಿಪ್ಪಣಿ ಪುಸ್ತಕವೂ ಇದ್ದರೆ, ದಾರಿ ತೋರಿಸಿದ ಸ್ಥಳೀಯನ ಹೆಸರೂ ಅದರಲ್ಲಿ ದಾಖಲಾದರೆ, ಎಲಿಯಟ್ ಬಿಟ್ಟ ಕೊರತೆಯೊಂದು ಇನ್ನೂರು ವರ್ಷಗಳ ತರುವಾಯವಾದರೂ ತುಂಬಿದಂತಾಗುತ್ತದೆ.